ಕಾಲರ್ ತಿರುಗಿಸಿದ ಅಂಗಿ

ಇಸ್ತ್ರಿ ಅಕ್ಕನಿಗೆ ಮುಖ ಮರೆಯುತ್ತಿತ್ತು, ಬಟ್ಟೆ ಮರೆಯುತ್ತಿರಲಿಲ್ಲ. ಎದುರಿಗೆ ಯಾರಾದರೂ ಬಂದು ನಿಂತರೆ ಅವಳು ಮೊದಲು ನೋಡುತ್ತಿದ್ದದ್ದು ಕಾಲರು, ಆಮೇಲೆ ತೋಳಿನ ತುದಿ. ಮುಖದ ಸರದಿ ಕೊನೆಗೆ. ಆ ಕಟ್ಟಡದಲ್ಲಿ ಯಾರ ಜೇಬು ತೂತು, ಯಾರು ಈಚೆಗೆ ದಪ್ಪಗಾಗಿ ಗುಂಡಿ ಸರಿಸಿಕೊಂಡರು, ಯಾವ ಮನೆಯಲ್ಲಿ ಗಂಡನ ಬಟ್ಟೆ ಒಂದು ಗಂಟು, ಹೆಂಡತಿಯ ಬಟ್ಟೆ ಬೇರೆ ಗಂಟಾಗಿ ಬರಲು ಶುರುವಾಗಿದೆ, ಎಲ್ಲವೂ ಅವಳ ಮೇಜಿನ ಮೇಲೆ ಹಾದುಹೋಗಲೇಬೇಕಿತ್ತು.

ಮೇಜು ಇದ್ದದ್ದು ಮೆಟ್ಟಿಲ ಕೆಳಗಿನ ಮೂಲೆಯಲ್ಲಿ. ಮೆಟ್ಟಿಲು ಮೇಲಕ್ಕೆ ಹೋದ ಹಾಗೆ ಅವಳ ಸೂರು ಓರೆಯಾಗಿ ಕೆಳಗಿಳಿಯುತ್ತಿತ್ತು. ಎಡಕ್ಕೆ ನಿಂತರೆ ನೆಟ್ಟಗೆ, ಬಲಕ್ಕೆ ಸರಿದರೆ ತಲೆ ಬಗ್ಗಿಸಿಕೊಂಡು. ಆ ಮೂಲೆಗೆ ಬಾಡಿಗೆ ಇರಲಿಲ್ಲ. ಬದಲಿಗೆ ಕೆಲಸಕ್ಕೆ ಹೋಗುವವರ ಮನೆಯ ಬೀಗದ ಕೈಗಳನ್ನು ಅವಳು ಕಾಯಬೇಕು. ಹಿಂದಿನ ಹಲಗೆಯಲ್ಲಿ ಮೊಳೆ ಹೊಡೆದು ಸಾಲಾಗಿ ತೂಗುಹಾಕಿದ್ದಳು. ಗೊತ್ತಿಲ್ಲದವರಿಗೆ ಕೊಡುವಂತಿಲ್ಲ, ಅದೊಂದೇ ಕಟ್ಟಳೆ. ಅದನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ, ಒಮ್ಮೆ ಎರಡನೇ ಮಹಡಿಯವರ ಅಸಲಿ ಅಳಿಯನನ್ನೇ ಅತ್ತೆ ಬರುವ ತನಕ ಮೆಟ್ಟಿಲ ಮೇಲೆ ಕೂರಿಸಿದ್ದಳು. "ಅಳಿಯ ಅನ್ನೋದು ಹಣೆ ಮೇಲೆ ಬರ್ದಿರತ್ತಾ ಸಾರ್?" ಎಂದು ಕೇಳಿದ್ದಳಂತೆ. ಅಳಿಯ ಆಮೇಲೆ ಆ ಮನೆಗೆ ಬರುವುದನ್ನೇ ಕಡಿಮೆ ಮಾಡಿದ. ಅತ್ತೆ ಅದಕ್ಕೂ ಇಸ್ತ್ರಿ ಅಕ್ಕನನ್ನು ಹೊಗಳಿದರು.

ಕಟ್ಟಡದ ಸೆಕ್ರೆಟರಿಯನ್ನು ಎಲ್ಲರೂ ಬೆನ್ನಹಿಂದೆ ನೋಟೀಸು ಸಾಹೇಬರು ಎನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಅವರಿಗೆ ಉಳಿದ ಕೆಲಸ ಗೋಡೆಗೆ ಕಾಗದ ಅಂಟಿಸುವುದು. ಅಪರಿಚಿತರಿಗೆ ಬಾಗಿಲು ತೆರೆಯಬೇಡಿ. ಫೋನಿನಲ್ಲಿ ಯಾರಿಗೂ ನಂಬರು ಹೇಳಬೇಡಿ. ಅವಸರ ಮಾಡುವವರನ್ನು ನಂಬಬೇಡಿ. ಅಕ್ಕನಿಗೆ ಓದಲು ಬಾರದು ಎಂದು ಅವರೇ ನಿಂತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅವಳು ತಲೆಯಾಡಿಸುತ್ತ ಇಸ್ತ್ರಿ ಎಳೆಯುತ್ತಿದ್ದಳು.

ಒಂದು ಭಾನುವಾರ ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡ ಒಬ್ಬ ಹುಡುಗಿ, ಒಬ್ಬ ಹುಡುಗ ಬಂದರು. ಎಲ್ಲೋ ಬೆಂಕಿ ಬಿದ್ದು ಮನೆ ಕಳೆದುಕೊಂಡವರಿಗೆ ಹಳೆ ಬಟ್ಟೆ ಬೇಕಂತೆ. ಹುಡುಗಿಯ ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಮನೆಮನೆಯವರೂ ಕೊಟ್ಟರು. ಕೊಡದಿದ್ದರೆ ಪಕ್ಕದ ಮನೆಯವರು ಏನೆಂದಾರು? ಚೀಲ ತುಂಬಿಸಿಕೊಂಡು ಇಳಿದು ಬಂದವರು ಅಕ್ಕನ ಮೇಜಿನ ಹತ್ತಿರ ನೀರು ಕೇಳಿ ಕುಡಿದರು.

"ಇಷ್ಟೊಂದು ಬಟ್ಟೇಲಿ ಯಾರದ್ದು ಯಾವುದು ಅಂತ ಹೆಂಗಕ್ಕಾ ಗೊತ್ತಾಗತ್ತೆ?" ಎಂದಳು ಹುಡುಗಿ.

"ಗೊತ್ತಾಗದೇ ಏನು? ಮುಖ ಮರೀತೀನಿ ಕಣಮ್ಮ, ಬಟ್ಟೆ ಮರೆಯಲ್ಲ. ಕತ್ತಲಲ್ಲಿ ಕೊಟ್ರೂ ಮುಟ್ಟಿ ಹೇಳ್ತೀನಿ."

"ಅಬ್ಬಾ!" ಎಂದಳು ಹುಡುಗಿ, ನಿಜವಾಗಿಯೂ ಬೆರಗಾದವಳ ಹಾಗೆ. ಅಕ್ಕನಿಗೆ ಅವತ್ತೆಲ್ಲ ಹೊಟ್ಟೆ ತಣ್ಣಗಿತ್ತು. ಹೊಗಳಿಕೆ ಅವಳ ಪಾಲಿಗೆ ಬರುತ್ತಿದ್ದದ್ದೇ ಅಪರೂಪ.

ಅದಾಗಿ ಕೆಲವು ವಾರ ಕಳೆದ ಮೇಲೆ, ಮೂರನೇ ಮಹಡಿಯ ಟೀಚರು ತಮ್ಮ ಅತ್ತೆಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಅಜ್ಜಿಗೆ ಪೊರೆ ತೆಗೆಸಬೇಕಿತ್ತು. ಟೀಚರ ಗಂಡ ಆಗಲೇ ಆಫೀಸಿಗೆ ಹೋಗಿದ್ದರು. ಬೀಗದ ಕೈ ಅಕ್ಕನ ಮೊಳೆಗೆ ಬಂತು.

ಮಧ್ಯಾಹ್ನ ಒಬ್ಬ ಗಂಡಸು ಏದುಸಿರು ಬಿಡುತ್ತ ಬಂದ.

"ಅಕ್ಕಾ, ನಾನು ಟೀಚರ್ ತಮ್ಮ. ಅಜ್ಜಿ ಆಸ್ಪತ್ರೆ ಮೆಟ್ಟಿಲಲ್ಲಿ ಬಿದ್ದುಬಿಟ್ಟಿದಾರೆ. ಹಳೇ ರಿಪೋರ್ಟು, ಎರಡು ಸೀರೆ ಬೇಕಂತೆ. ಬೇಗ ಬೀಗದ ಕೈ ಕೊಡಿ, ಆಟೋ ಕಾಯ್ತಾ ಇದೆ."

"ಟೀಚರ್ ಹೇಳ್ಲಿ, ಕೊಡ್ತೀನಿ."

"ಹೇಳ್ತಾರೆ, ತಗೊಳ್ಳಿ" ಎಂದು ಅವನು ತನ್ನ ಫೋನನ್ನೇ ಒತ್ತಿ ಅವಳ ಕಿವಿಗೆ ಹಿಡಿದ. ಆ ಕಡೆ ಒಬ್ಬ ಹೆಂಗಸು ಅಳುತ್ತ, "ಕೊಟ್ಟು ಕಳಿಸಮ್ಮಾ, ಬೇಗ" ಎಂದಳು. ಅಳುವ ಹೆಂಗಸರ ದನಿ ಎಲ್ಲ ಒಂದೇ. ಅಕ್ಕನ ಸ್ವಂತ ಫೋನು ಮನೆಯಲ್ಲಿ ಗಂಡನ ಹತ್ತಿರ ಇತ್ತು. ಅವಳು ಇನ್ನೂ ಬೀಗದ ಕೈಗೆ ಕೈ ಹಾಕಿರಲಿಲ್ಲ. ಅಳಿಯನನ್ನು ಕೂರಿಸಿದ ಹಾಗೆ ಇವನನ್ನೂ ಕೂರಿಸಿಬಿಡುತ್ತಿದ್ದಳೇನೋ.

ಅಷ್ಟರಲ್ಲಿ ಅವನು ಬೆವರು ಒರೆಸಿಕೊಳ್ಳಲು ಕತ್ತು ತಿರುಗಿಸಿದ. ಅವಳ ಕಣ್ಣು ಕಾಲರಿನ ಮೇಲೆ ನಿಂತಿತು. ಟೀಚರ ಗಂಡನ ನೀಲಿ ಅಂಗಿ! ಕತ್ತಿನ ಹತ್ತಿರ ಸವೆದಿದೆ ಎಂದು ಅವಳೇ ಕಾಲರು ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ಹೊಲಿದು ಕೊಟ್ಟಿದ್ದಳು. ನೀಲಿ ದಾರ ಅರ್ಧಕ್ಕೆ ಮುಗಿದು, ಉಳಿದದ್ದಕ್ಕೆ ಹಸಿರು ದಾರ ಹಾಕಿದ್ದಳು. ಆ ಹಸಿರು ಹೊಲಿಗೆ ಅಲ್ಲೇ ಇತ್ತು. ಭಾವನ ಅಂಗಿ ಹಾಕಿಕೊಂಡು ಓಡಾಡುವವನು ಮನೆಯವನಲ್ಲದೆ ಇನ್ಯಾರು?

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳಿಗೂ ಗೊತ್ತಿತ್ತು. ಅವನು ಅಂಗಿಯ ಮಾತನ್ನು ಎತ್ತಿದ್ದರೆ ಅನುಮಾನ ಪಡುತ್ತಿದ್ದಳು. ಅವನು ಎತ್ತಲಿಲ್ಲ. ತಾನಾಗಿ ಹುಡುಕಿ ಕಂಡುಕೊಂಡದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ? ಅವಳು ಮೊಳೆಯಿಂದ ಬೀಗದ ಕೈ ತೆಗೆದು ಕೊಟ್ಟಳು.

ಅವನು ಒಂದು ಪೆಟ್ಟಿಗೆ ಹಿಡಿದು ಇಳಿದು ಬಂದ. ಬೀಗದ ಕೈಯನ್ನು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ. ಪೆಟ್ಟಿಗೆಯ ಅಂಚಿನಿಂದ ಸೀರೆಯ ಸೆರಗು ಹೊರಗೆ ನೇತಾಡುತ್ತಿತ್ತು. ಸುಕ್ಕಾಗುತ್ತದೆ ಎಂದು ಇಸ್ತ್ರಿ ಅಕ್ಕನೇ ಅದನ್ನು ಒಳಗೆ ಸೇರಿಸಿ, ಮುಚ್ಚಳ ಒತ್ತಿ, ಆಟೋದಲ್ಲಿ ಇಡಲು ಕೈ ಕೊಟ್ಟಳು.

ಸಂಜೆ ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ತಮ್ಮ ಕಾಲ ಮೇಲೆಯೇ ನಡೆದು ಬಂದರು.

"ಬಿದ್ರಂತಲ್ಲ ಅಜ್ಜೀ!" ಎಂದು ಅಕ್ಕ ಓಡಿಬಂದಳು.

"ನಾನ್ಯಾಕೆ ಬೀಳ್ಲಿ? ನಿನ್ ಬಾಯಲ್ಲಿ ಒಳ್ಳೇದು ಬರಲ್ವೇನೇ?" ಎಂದರು ಅಜ್ಜಿ.

ಮೇಲೆ ಬೀರು ಬಾಯಿ ತೆರೆದುಕೊಂಡು ನಿಂತಿತ್ತು. ಟೀಚರ ಮದುವೆಯ ಒಡವೆ, ಅಜ್ಜಿಯ ಬಳೆ, ಯಾವುದೂ ಇರಲಿಲ್ಲ. ಪೊಲೀಸರು ಬಂದು ಬರೆದುಕೊಂಡು ಹೋದರು. "ಇದೊಂದು ಗುಂಪು ಅಮ್ಮ, ಈಗ ಎಲ್ಲಿರ್ತಾರೋ" ಎಂದರು. ಅವರಿಗೆ ಅಲ್ಲಿಗೆ ಮುಗಿಯಿತು. ಕಟ್ಟಡದವರಿಗೆ ಅಲ್ಲಿಂದ ಶುರುವಾಯಿತು.

ಮರುದಿನ ಬೆಳಗ್ಗೆಯೇ ಒಬ್ಬೊಬ್ಬರಾಗಿ ಬಂದು ಬೀಗದ ಕೈ ತೆಗೆದುಕೊಂಡು ಹೋದರು. "ತಪ್ಪು ತಿಳ್ಕೋಬೇಡ ಅಕ್ಕ" ಎನ್ನುವವರು ಕೆಲವರು. ಅಷ್ಟೂ ಹೇಳದೆ ಅವಳ ಹೆಗಲ ಮೇಲಿಂದ ಕೈ ಚಾಚಿ ತೆಗೆದುಕೊಂಡವರು ಹೆಚ್ಚು. ಮೂಲೆ ಕೊಟ್ಟದ್ದೇ ಬೀಗದ ಕೈ ಕಾಯಲು ತಾನೇ? ಅದು ಹೋದ ಮೇಲೆ ಮೂಲೆ ಯಾತಕ್ಕೆ ಎಂದು ಸಂಜೆಗೆ ಎಲ್ಲರೂ ಕೆಳಗೆ ಸೇರಿದರು. ಕುರ್ಚಿ ಹಾಕಿಕೊಂಡು ಕೂತರು. ಅಕ್ಕ ತನ್ನ ಮೇಜಿನ ಬಲಗಡೆ, ತಲೆ ಬಗ್ಗಿಸಬೇಕಾದ ಜಾಗದಲ್ಲಿ ನಿಂತಳು.

"ಅಳಿಯನ್ನ ಬಿಡಲಿಲ್ಲ, ಕಳ್ಳನ್ನ ಬಿಟ್ಲು" ಎಂದಿತು ಒಂದು ದನಿ. ನಕ್ಕರು.

"ಅಷ್ಟು ಸಲ ಓದಿ ಹೇಳಿದೀನಿ. ಅವಸರ ಮಾಡೋರನ್ನ ನಂಬಬೇಡ ಅಂತ. ಗೋಡೆಗೆ ಹೇಳಿದ್ರೂ ಕೇಳಿಸ್ಕೊಳ್ತಿತ್ತು" ಎಂದರು ನೋಟೀಸು ಸಾಹೇಬರು.

"ನಾನು ಅವನನ್ನ ನಂಬಲಿಲ್ಲ ಸ್ವಾಮಿ, ಅಂಗೀನ ನಂಬಿದೆ" ಎಂದಳು ಅಕ್ಕ. ಇಷ್ಟು ಹೊತ್ತೂ ಈ ಮಾತೇ ತನ್ನನ್ನು ಕಾಪಾಡುತ್ತದೆ ಎಂದುಕೊಂಡು ಒಳಗೆ ಇಟ್ಟುಕೊಂಡಿದ್ದಳು. "ಇವರ ಯಜಮಾನ್ರ ನೀಲಿ ಅಂಗಿ ಅವನ ಮೈಮೇಲಿತ್ತು. ಕಾಲರ್ ತಿರುಗಿಸಿ ಹೊಲಿದದ್ದು ನಾನೇ. ಮನೆ ಅಂಗಿ ಹಾಕ್ಕೊಂಡೋನು ಮನೆಯೋನು ಅಂದ್ಕೊಂಡೆ."

ಎಲ್ಲರೂ ಟೀಚರ ಕಡೆ ತಿರುಗಿದರು. ಟೀಚರ ಗಂಡ, "ಆ ಅಂಗಿ ನಾನು ಎಷ್ಟು ದಿನದಿಂದ ಹುಡುಕ್ತಿದೀನಿ" ಎಂದು ಹೆಂಡತಿಯನ್ನು ನೋಡಿದರು.

ಟೀಚರು ತಡಮಾಡಲಿಲ್ಲ. "ಇಸ್ತ್ರಿಗೆ ಹೋದದ್ದು ವಾಪಸ್ಸೇ ಬರಲಿಲ್ಲ" ಎಂದರು. "ಈಗ ಗೊತ್ತಾಯ್ತಲ್ಲ, ಎಲ್ಲಿಗೆ ಹೋಯ್ತು ಅಂತ. ನಮ್ಮ ಬಟ್ಟೆ ಎಲ್ಲ ಯಾರ ಕೈಲಿರತ್ತೆ? ಕಳ್ಳನಿಗೆ ಅಂಗಿ ತೊಡಿಸಿದೋರು ಯಾರು ಅಂತ ನಾನು ಹೇಳಬೇಕಾ?"

ಅಂಗಿಯನ್ನು ಮಡಿಸಿ ಮೇಲೆ ಕೊಟ್ಟು ಬಂದದ್ದು ಇಸ್ತ್ರಿ ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಅದಕ್ಕೆ ಸಾಕ್ಷಿ ಯಾರು?

ಸಾಕ್ಷಿ ಹಿಂದಿನ ಕುರ್ಚಿಯಲ್ಲಿತ್ತು. "ಅಯ್ಯೋ, ಆ ಅಂಗಿ ನೀನೇ ಕೊಟ್ಟೆಯಲ್ಲೇ!" ಎಂದರು ಅಜ್ಜಿ, ಸೊಸೆಗೆ. "ಕಾರ್ಡು ತಗಲಾಕ್ಕೊಂಡು ಬಟ್ಟೆ ಕೇಳಕ್ಕೆ ಬಂದಿದ್ರಲ್ಲ, ಆ ಹುಡುಗಿ ಚೀಲಕ್ಕೆ ಹಾಕ್ದೆ. ಅವರಿಗೆ ಹೇಳಬೇಡಿ ಅತ್ತೆ, ಈ ಹಳೇ ಅಂಗಿ ಬಿಡಲ್ಲ ಅಂತಾರೆ ಅಂದೆ. ನಿನ್ನ ತಮ್ಮಂದು ಅಂತ ಇನ್ನೊಂದು ಪ್ಯಾಂಟು ಕೂಡ ಕೊಟ್ಟೆ. ತಮ್ಮ ದೂರದಲ್ಲಿದಾನೆ, ಬರೋದೇ ಇಲ್ಲ, ಅತ್ತೆ ಕಣ್ಣಿನ ಆಪರೇಷನ್ ಇಂಥ ದಿನ ಅಂತೆಲ್ಲ ಅವಳ ಹತ್ರ ಮಾತಾಡ್ತಾ ನಿಂತಿದ್ದೆ."

ಅಲ್ಲಿ ಕೂತವರಿಗೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಆ ಹುಡುಗಿಯ ಹತ್ತಿರ ಏನೇನು ಮಾತಾಡಿದೆವು ಎಂದು ನೆನಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲ. ಆದರೆ ಅವತ್ತು ಒಬ್ಬರೂ ಕೈ ಎತ್ತಲಿಲ್ಲ. ನೋಟೀಸು ಸಾಹೇಬರು ತಾವು ಕೊಟ್ಟ ಕೋಟನ್ನು ನೆನೆದು ಕೆಮ್ಮಿದರು. ಅಕ್ಕನಿಗೂ ತಾನು ಕೊಟ್ಟ ನೀರು, ಬಟ್ಟೆ ಮರೆಯಲ್ಲ ಎಂದು ಆಡಿದ ಮಾತು ನೆನಪಾಯಿತು.

ಟೀಚರು ನಗುತ್ತ ಎದ್ದು ಅತ್ತೆಯ ತೋಳು ಹಿಡಿದರು. "ಪಾಪ, ಅತ್ತೆಗೆ ಈಚೆಗೆ ಮರೆವು. ನೆನ್ನೆ ಏನು ತಿಂದ್ರಿ ಅಂದ್ರೆ ಹೇಳಲ್ಲ. ಕಣ್ಣು ಬೇರೆ ಕಾಣಲ್ಲ, ಏನು ನೋಡಿದಾರೋ. ಬನ್ನಿ ಅತ್ತೆ, ಮಲ್ಕೊಳ್ಳಿ."

"ಮರೆವು ನನಗಲ್ಲ ಕಣೇ!" ಎನ್ನುತ್ತಲೇ ಅಜ್ಜಿ ಮೆಟ್ಟಿಲು ಹತ್ತಿದರು. ಮಗ ನೆಲ ನೋಡುತ್ತ ಕೂತಿದ್ದರು.

ಎಲ್ಲರೂ ಎದ್ದ ಮೇಲೆ ನೋಟೀಸು ಸಾಹೇಬರು ಅಕ್ಕನ ಮೇಜಿಗೆ ಬಂದು ಮೆಲ್ಲಗೆ ಹೇಳಿದರು: "ಹಟ ಮಾಡಬೇಡ. ಅಂಗಿ ನನ್ನ ಹತ್ರಾನೇ ಕಳೆದುಹೋಗಿತ್ತು, ಗೊತ್ತಾಗಲಿಲ್ಲ, ತಪ್ಪಾಯ್ತು ಅಂತ ನಾಳೆ ಎಲ್ಲರ ಮುಂದೆ ಹೇಳು. ಅಜ್ಜೀದು ಮರೆವು, ಅದನ್ನೂ ಹೇಳು. ಟೀಚರ್ ಪೊಲೀಸರ ಹತ್ರ ನಿನ್ನ ಹೆಸರು ಎತ್ತಲ್ಲ. ಮೂಲೆ ನಿನಗೇ ಇರತ್ತೆ."

"ಅಜ್ಜಿಗೆ ಮರೆವಿಲ್ಲ ಸ್ವಾಮಿ."

"ಇದ್ರೆ ನಿನಗೇನು ನಷ್ಟ?"

ಮನೆಯಲ್ಲಿ ಗಂಡ ಗೋಡೆಗೆ ಒರಗಿ ಕೂತಿದ್ದ. ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವನ ದೇಹದಲ್ಲಿ ಕೆಲಸ ಮಾಡುತ್ತಿದ್ದದ್ದು ನಾಲಿಗೆ ಒಂದೇ.

"ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತು" ಎಂದ, ಎಲ್ಲ ಕೇಳಿ. "ಮೇಕೆ ಏನ್ ಮಾಡ್ಬೇಕು? ಬಾಯಿ ಮುಚ್ಕೊಂಡು ನಿಲ್ಲಬೇಕು."

"ಆ ಮುದುಕಿ ನನ್ನ ಪರ ಮಾತಾಡಿದ್ದು ರೀ."

"ಮಾತಾಡಿದ್ಲು. ಬೆಳಗ್ಗೆ ಒಲೆ ಮೇಲೆ ಇಡೋಕೆ ಆ ಮಾತೇ ತಗೊಂಡ್ಬಾ. ಬಡವನ ಕೋಪ ದವಡೆಗೆ ಮೂಲ. ಮುದುಕಿಗೆ ಮಗ ಇದಾನೆ, ಮನೆ ಇದೆ. ಮರೆವು ಅಂದ್ರೆ ಊಟ ನಿಲ್ಲಿಸ್ತಾರಾ? ನಿನ್ನ ಮೂಲೆ ಹೋದ್ರೆ ನಮ್ಮ ಊಟ ನಿಲ್ಲತ್ತೆ."

ಅವನು ಹೇಳಿದ್ದರಲ್ಲಿ ಅವಳು ತಪ್ಪು ಹುಡುಕಿದಳು, ಸಿಗಲಿಲ್ಲ.

ಮರುದಿನ ಅದೇ ಕುರ್ಚಿಗಳು, ಅದೇ ಜನ. ಅಜ್ಜಿಯನ್ನೂ ಕರೆತಂದು ಕೂರಿಸಿದ್ದರು, ಟೀಚರಿಗೆ ಅದು ಬೇಕಿತ್ತು. ಇಸ್ತ್ರಿ ಅಕ್ಕ ಕೈ ಮುಗಿದು ಹೇಳಿದಳು: "ಅಂಗಿ ನನ್ನ ಹತ್ರಾನೇ ಕಳೆದುಹೋಯ್ತು. ಭಯಕ್ಕೆ ಹೇಳಲಿಲ್ಲ. ತಪ್ಪಾಯ್ತು." ಅಲ್ಲಿಗೆ ನಿಲ್ಲಿಸಿ ನೋಡಿದಳು. ಸಾಹೇಬರು ಹುಬ್ಬು ಏರಿಸಿ ಕಾದರು. "ಅಜ್ಜಿಗೆ ಪಾಪ ನೆನಪಿರಲ್ಲ" ಎಂದಳು. "ಹೋದ ವಾರ ಕೊಟ್ಟ ಸೀರೇನೇ ಮತ್ತೆ ಕೇಳಿದ್ರು." ಇದನ್ನು ಸೇರಿಸು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಸುಳ್ಳು ನಂಬಿಸಬೇಕಾದರೆ ಒಂದು ಸಣ್ಣ ವಿವರ ಬೇಕು ಎಂದು ಅವಳಿಗೆ ಈಗ ಗೊತ್ತಿತ್ತು.

ಅಜ್ಜಿ ಕಪ್ಪು ಕನ್ನಡಕ ತೆಗೆದು ಅವಳನ್ನೇ ನೋಡಿದರು.

ಮೂಲೆ ಉಳಿಯಿತು. ಕೆಲವು ದಿನಗಳಲ್ಲಿ ಬಟ್ಟೆಯ ಗಂಟುಗಳೂ ಬಂದವು. ಬೇರೆಯವರಿಗೆ ಕೊಟ್ಟರೆ ಕಾಲರು ಸುಡುತ್ತಾರೆ ಎಂದು ಅವರಿಗೂ ಗೊತ್ತಿತ್ತು. ಬೀಗದ ಕೈ ಬರಲಿಲ್ಲ, ಬದಲಿಗೆ ಮೆಟ್ಟಿಲು ಗುಡಿಸುವ ಕೆಲಸ ಬಂತು. ಮೂರನೇ ಮಹಡಿಯಲ್ಲಿ ಅಜ್ಜಿಯ ಪೆಟ್ಟಿಗೆಗೆ ಸೊಸೆ ಬೀಗ ಹಾಕಿಕೊಂಡರಂತೆ, ಮರೆವಿನವರು ಎಲ್ಲಿ ಏನು ಕಳೆಯುತ್ತಾರೋ ಎಂದು. ಬಾಗಿಲಿಗೆ ಹೊರಗಿನಿಂದ ಚಿಲಕ ಬಿತ್ತು. ನೆಂಟರು ಬಂದರೆ ಅಜ್ಜಿಯನ್ನು ಮಾತಾಡಿಸದೆ, ಅಜ್ಜಿಯ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಮೊದಮೊದಲು ಮೇಲಿಂದ ಜಗಳದ ದನಿ ಕೇಳುತ್ತಿತ್ತು. ಬರಬರುತ್ತ ಅದೂ ನಿಂತಿತು.

ಒಂದು ಮಧ್ಯಾಹ್ನ ಚಿಲಕ ಹಾಕಲು ಮರೆತಿದ್ದರೇನೋ, ಅಜ್ಜಿ ಗೋಡೆ ಹಿಡಿದುಕೊಂಡು ಇಳಿದು ಬಂದರು. ಸೀರೆ ತಿರುವುಮುರುವಾಗಿತ್ತು. ಮೇಜಿನ ಅಂಚು ಹಿಡಿದು ನಿಂತು, ಆಚೀಚೆ ನೋಡಿ, ದನಿ ತಗ್ಗಿಸಿದರು.

"ಇವಳೇ, ನಿನ್ನ ಕಾಲಿಗೆ ಬೀಳ್ತೀನಿ, ನಿಜ ಹೇಳು. ಅವಳು ಆ ಅಂಗಿ ಕೊಟ್ಟಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮಗ ಇಲ್ಲ ಅಂತಾನೆ. ನೀನೂ ಇಲ್ಲ ಅಂದೆ. ನನಗೆ ನಿಜವಾಗ್ಲೂ ತಲೆ ಕೆಟ್ಟಿದೆಯಾ? ನೀನು ಹೇಳಿದ್ರೆ ನಂಬ್ತೀನಿ. ನಿನಗೆ ನನ್ನ ಮೇಲೆ ದ್ವೇಷ ಇಲ್ಲ."

ಮೇಲೆ ಬಾಗಿಲು ತೆರೆದ ಸದ್ದಾಯಿತು. "ಅತ್ತೇ, ಎಲ್ಲಿ ಹೋದ್ರಿ?" ಎಂದು ಟೀಚರ ಚಪ್ಪಲಿ ಮೆಟ್ಟಿಲ ಮೇಲೆ, ಇಸ್ತ್ರಿ ಅಕ್ಕನ ತಲೆಯ ಮೇಲೆಯೇ, ಇಳಿಯತೊಡಗಿತು.

ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟಳು. ಅಜ್ಜಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕೊಟ್ಟಿರಲಿಲ್ಲ ಅಜ್ಜಿ" ಎಂದಳು. "ನಿಮಗೆ ಹಾಗೆ ಅನ್ಸಿದೆ, ಅಷ್ಟೆ."

"ಹಾಗಾದ್ರೆ ಸರಿ" ಎಂದರು ಅಜ್ಜಿ. "ನೀನು ಹೇಳಿದ್ಮೇಲೆ ಸರಿ." ಆಮೇಲೆ ಸೊಸೆ ಬಂದು ತೋಳು ಹಿಡಿದಾಗ, ತಾವಾಗಿಯೇ ಮೆಟ್ಟಿಲ ಕಡೆ ತಿರುಗಿದರು.