ಹಿಮದ ಬೆಟ್ಟಕ್ಕೆ ಟಿಕೆಟ್ ಮಾಡದ ದಿನಗಳು

ಮೂಳೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸಿನ ಹತ್ತಿರ ಬಂದು, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರೋಣ ಬಾ ಎಂದು ಕರೆಯುವವರಿಗೆ ಬುದ್ಧಿ ಸ್ವಲ್ಪ ಕಡಿಮೆ ಎಂದೇ ನಾನು ತಿಳಿದಿದ್ದೆ. ಮರಳ ದಿಬ್ಬದ ಮೇಲೆ ಬೈಕು ಹಾರಿಸಲು ಹೋಗಿ ತೊಡೆಮೂಳೆ ಮುರಿದುಕೊಂಡ ಹುಡುಗರನ್ನು ಪ್ರತಿ ಚಳಿಗಾಲದಲ್ಲೂ ಮಗ್ಗುಲು ತಿರುಗಿಸಿ ಮಲಗಿಸುವವಳು ನಾನು. ಮನುಷ್ಯನ ಕಾಲು ಎಷ್ಟು ಬಗೆಯಲ್ಲಿ ಮುರಿಯಬಹುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕರೆದವಳು ನನ್ನ ಮಗಳು. ಅವಳಾಗಿ ಅವಳೇ ನನಗೆ ಫೋನ್ ಮಾಡಿದ್ದು ಆ ವರ್ಷ ಅದೇ ಮೊದಲು. ಬುದ್ಧಿ ಕಳೆದುಕೊಂಡವಳು ನಾನೇ.

ನಾನಿರುವುದು ಅಬುಧಾಬಿಯಿಂದಾಚೆ ಮರಳುಗಾಡಿನ ನಡುವಿನ ಮದೀನತ್ ಜಾಯೆದ್‌ನಲ್ಲಿ, ಆಸ್ಪತ್ರೆಯವರು ಕೊಟ್ಟ ಒಂದು ಕೋಣೆಯಲ್ಲಿ. ಮಗಳೂ ನಮ್ಮವರೂ ಇರುವುದು ದುಬೈಯಲ್ಲಿ, ಡಿಸ್ಕವರಿ ಗಾರ್ಡನ್ಸ್‌ನ ಒಂದೇ ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ಮೊದಲು ನಾನೂ ಅಲ್ಲೇ ಇದ್ದೆ. ಕೆಲಸ ಮಾಡುತ್ತಿದ್ದ ಕ್ಲಿನಿಕ್ಕು ಬಾಗಿಲು ಹಾಕಿದ ಮೇಲೆ ಸಿಕ್ಕಿದ್ದು ಈ ದೂರದ ಕೆಲಸ. ನಮ್ಮವರು ಜೆಬೆಲ್ ಅಲಿಯ ಗೋದಾಮಿನಲ್ಲಿ ಅಕೌಂಟೆಂಟ್, ಅದನ್ನು ಬಿಟ್ಟು ಬರುವ ಹಾಗಿಲ್ಲ. ಮಗಳಿಗೆ ಹನ್ನೊಂದನೇ ಕ್ಲಾಸು, ಶಾಲೆ ಬದಲಿಸುವ ಹಾಗಿಲ್ಲ. ಅಲುಗಾಡಿಸಬಹುದಾದ ಸಾಮಾನು ನಾನೊಬ್ಬಳೇ ಎಂದು ಮೂವರೂ ಒಟ್ಟಿಗೆ ಕೂತು ತೀರ್ಮಾನ ಮಾಡಿದೆವು. ಆಫ್ ಸಿಕ್ಕಿದಾಗ ಒಂದು ಬಸ್ಸಿನಲ್ಲಿ ಅಬುಧಾಬಿ, ಇನ್ನೊಂದರಲ್ಲಿ ದುಬೈಯ ಇಬ್ನ್ ಬತೂತಾ ಬಸ್ ನಿಲ್ದಾಣ, ಅಲ್ಲಿಂದ ನಡೆದುಕೊಂಡು ಮನೆ. ಮನೆಯಲ್ಲಿ ಜೀರಿಗೆಯ ಡಬ್ಬ ಇರಬೇಕಾದ ಕಡೆ ಟೀ ಪುಡಿ ಇರುತ್ತದೆ. ನಾನು ರೇಗುತ್ತೇನೆ. ಅಪ್ಪ ಮಗಳು ಮುಖ ಮುಖ ನೋಡಿಕೊಂಡು, ಇವಳು ನಾಳಿದ್ದು ಹೋಗುವವಳು ತಾನೇ ಎಂಬ ಹಾಗೆ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆ ನನಗೆ ಆಗುವುದಿಲ್ಲ.

ದಿನಾ ಫೋನ್ ಮಾಡುತ್ತಿದ್ದವಳು ನಾನು. ಊಟ ಆಯ್ತಾ ಎಂದರೆ ಹ್ಞೂಂ. ಓದಿದೆಯಾ ಎಂದರೆ ಹ್ಞೂಂ. ಪಪ್ಪ ಬಂದ್ರಾ ಎಂದರೆ ‘ನೋ ಐಡಿಯಾ’. ವಾರ್ಡಿನಲ್ಲಿ ಜ್ವರ ಎಷ್ಟು, ನೋವು ಎಲ್ಲಿ ಎಂದು ಭಾಷೆ ಬಾರದ ರೋಗಿಗಳ ಬಾಯಲ್ಲೂ ಉತ್ತರ ತೆಗೆಸುವ ನಾನು, ಹೆತ್ತ ಮಗಳ ಬಾಯಿಂದ ಎರಡು ವಾಕ್ಯ ತೆಗೆಸಲಾರದೆ ಫೋನ್ ಇಡುತ್ತಿದ್ದೆ. ಇಟ್ಟ ಮೇಲೆ ಕೂತಲ್ಲಿ ಕೂರಲಾಗದೆ ಕೋಣೆಯಲ್ಲೇ ಅತ್ತಿತ್ತ ನಡೆಯುತ್ತಿದ್ದೆ.

ಹಾಗಿರುವಾಗ ಒಂದು ಮಧ್ಯಾಹ್ನ ಡ್ಯೂಟಿಯ ಬ್ರೇಕಿನಲ್ಲಿ ಅವಳ ಫೋನ್ ಬಂತು. ಗಾಬರಿಯಾಗಿ ಎತ್ತಿದರೆ, ನಿನಗೆ ರಜೆ ಯಾವಾಗ ಎಂದು ಕೇಳಿದಳು. ಕ್ಲಾಸಿನ ಗೆಳತಿಯೊಬ್ಬಳು ಜಾರ್ಜಿಯಾದ ಬೆಟ್ಟಕ್ಕೆ ಹೋಗಿ ಸ್ನೋಬೋರ್ಡ್ ಮಾಡಿ ಬಂದಿದ್ದಾಳಂತೆ. ಇವಳಿಗೂ ಮಾಡಬೇಕಂತೆ. ಪಪ್ಪನ ಹತ್ತಿರ ಕೇಳಿದರೆ ಇಲ್ಲಿನ ಮಾಲ್‌ನ ಒಳಗೇ ಕೃತಕ ಹಿಮ ಉಂಟಲ್ಲ, ಅಲ್ಲೇ ಜಾರಿ ಬಾ ಎಂದರಂತೆ. ‘ಅಮ್ಮ, ದಟ್ಸ್ ಎ ಫ್ರಿಜ್’ ಎಂದು ಅವಳು ಹೇಳಿದ ರೀತಿಗೆ ನನಗೆ ನಗು ಬಂತು. ನಾನು ನಕ್ಕದ್ದಕ್ಕೆ ಅವಳೂ ನಕ್ಕಳು. ತೊಡೆಮೂಳೆಯ ಮಾತನ್ನು ಅಲ್ಲಿಗೇ ನುಂಗಿಕೊಂಡು, ನೋಡೋಣ, ವಿಚಾರಿಸು ಎಂದೆ.

ಮರುದಿನವೇ ಅವಳು ವಿಚಾರಿಸಿಕೊಂಡು ಫೋನ್ ಮಾಡಿದಳು. ಆಮೇಲೆ ದಿನಾ ಶಾಲೆಯಿಂದ ಬಂದವಳೇ ಮಾಡುತ್ತಿದ್ದಳು. ನನ್ನ ಬ್ರೇಕೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಸ್ವಿಟ್ಜರ್ಲೆಂಡ್ ಎಂದು ನಾನು ಬಾಯಿ ತೆರೆದರೆ, ಅಲ್ಲಿಗೆ ವೀಸಾ ಸಿಗುವಷ್ಟರಲ್ಲಿ ಹಿಮ ಕರಗಿರುತ್ತದೆ, ದುಡ್ಡಂತೂ ಕೇಳಲೇಬೇಡ ಎಂದು ಬಾಯಿ ಮುಚ್ಚಿಸಿದಳು. ಜಾರ್ಜಿಯಾಕ್ಕಾದರೆ ಇಲ್ಲಿನ ರೆಸಿಡೆನ್ಸಿ ಇದ್ದರೆ ಸಾಕು, ಬೇರೆ ವೀಸಾ ಬೇಡ. ಗುಡಾವುರಿಯಲ್ಲಿ ಬೆಟ್ಟ ದೊಡ್ಡದು, ಬಕುರಿಯಾನಿಯಲ್ಲಿ ಸಣ್ಣದು. ಕಲಿಯುವವರಿಗೆ ಯಾವುದು ಒಳ್ಳೆಯದು ಎಂಬುದರ ಮೇಲೆ ಒಂದು ಇಡೀ ವಾರ ಮಾತಾಡಿದೆವು. ಬೋರ್ಡು, ಬೂಟು, ಹೆಲ್ಮೆಟ್ಟು ಅಲ್ಲೇ ಬಾಡಿಗೆಗೆ ಸಿಗುತ್ತವೆ, ಕೊಳ್ಳಬಾರದು. ಲಿಫ್ಟಿನ ಪಕ್ಕದ ಹೋಟೆಲು ದುಬಾರಿ, ಕೆಳಗಿನ ಹಳ್ಳಿಯಲ್ಲಿ ಅಡುಗೆಮನೆ ಇರುವ ಕೋಣೆ ಹಿಡಿದರೆ ಅರ್ಧ ಖರ್ಚು ಉಳಿಯುತ್ತದೆ. ಅಗ್ಗದ ವಿಮಾನದಲ್ಲಿ ಕೈಚೀಲ ಮಾತ್ರ, ಆದ್ದರಿಂದ ದಪ್ಪ ಜಾಕೆಟ್ಟನ್ನು ಮೈಮೇಲೆ ಹಾಕಿಕೊಂಡೇ ವಿಮಾನ ಹತ್ತಬೇಕು. ದುಬೈಯ ಸೆಕೆಯಲ್ಲಿ ಕಂಬಳಿ ಸುತ್ತಿಕೊಂಡ ಕರಡಿಯ ಹಾಗೆ ಪಪ್ಪ ನಿಂತಿರುವುದನ್ನು ನೆನೆದು ಇಬ್ಬರೂ ನಕ್ಕೆವು.

ನಮ್ಮ ಕರಾವಳಿಯವರಿಗೆ ಬೆಟ್ಟ ಎಂದರೆ ಮೂಡಣ, ಪಡುವಣ ಎಂದರೆ ಕಡಲು. ನಲವತ್ತಾರು ವರ್ಷಕ್ಕೆ ಆ ಕಡಲಿನಾಚೆ ಬೆಟ್ಟ ಹುಡುಕುತ್ತಾ ಕೂತೆನಲ್ಲ ಎಂದು ನನಗೇ ವಿಚಿತ್ರ ಎನಿಸುತ್ತಿತ್ತು. ಗಲ್ಫಿಗೆ ಬಂದ ಮೇಲೆ ಸಿಕ್ಕಿದ ರಜೆಯೆಲ್ಲ ಊರಿಗೇ ಹೋಗಿದೆ. ಮದುವೆ, ಗೃಹಪ್ರವೇಶ, ನಾಗನಿಗೆ ತನು ಎರೆಯುವುದು. ರಜೆಯನ್ನು ಬೇರೆ ಕಡೆ ಕಳೆಯಬಹುದು ಎಂಬುದೇ ನಮಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಅದು ಬಿಡಲೇ ಇಲ್ಲ.

ಬಟ್ಟೆಯ ತಾಪತ್ರಯವನ್ನು ದುಬೈಯ ನಮ್ಮ ಬಿಲ್ಡಿಂಗೇ ಪರಿಹರಿಸಿತು. ಅಲ್ಲಿ ಒಂದು ದೊಡ್ಡ ನೀಲಿ ಸೂಟ್‌ಕೇಸು ಮನೆಯಿಂದ ಮನೆಗೆ ತಿರುಗುತ್ತದೆ. ಅದರ ತುಂಬ ಹಿಮದ ಬಟ್ಟೆ. ಯಾರೋ ಕೆನಡಾದಿಂದ ಬಂದವರು ಬಿಟ್ಟು ಹೋದದ್ದಂತೆ, ಈಗ ಯಾರದ್ದೂ ಅಲ್ಲ. ಹೋಗುವವರು ಒಯ್ಯುವುದು, ಬಂದು ಒಗೆದಿಡುವುದು. ಕೆಳಗಿನ ಮಹಡಿಯ ಕೊಂಕಣಿ ಆಂಟಿಯ ಮನೆಯಲ್ಲಿದ್ದ ಅದನ್ನು ಮಗಳು ಎಳೆದುಕೊಂಡು ಬಂದು, ಒಂದೊಂದೇ ಜಾಕೆಟ್ ಹಾಕಿ ವಿಡಿಯೋ ಕಾಲಿನಲ್ಲಿ ತಿರುಗಿ ತಿರುಗಿ ತೋರಿಸಿದಳು. ಒಂದರ ತೋಳು ಉದ್ದ, ಒಂದರ ಜಿಪ್ಪು ಹೋಗಿದೆ. ಚೆನ್ನಾಗಿದ್ದದ್ದನ್ನೂ ನಾನು, ಸರಿಯಿಲ್ಲ, ಭುಜದಲ್ಲಿ ಬಿಗಿ, ಬೇರೆ ನೋಡು ಎಂದೆ. ಬಿಗಿ ಇರಲಿಲ್ಲ. ಮತ್ತೊಂದು ಹಾಕಿ ತೋರಿಸಲಿ ಎಂದಷ್ಟೇ ನನ್ನ ಆಸೆ.

ನನ್ನ ಚಾಳಿ ಶುರುವಾದದ್ದು ಅಲ್ಲಿಂದ. ಪರೀಕ್ಷೆ ಮುಗಿದ ವಾರ ಹೋಗುವುದೆಂದು ನಿಶ್ಚಯವಾಗಿತ್ತು, ಮಲಯಾಳಿ ಸಿಸ್ಟರ್ ಒಬ್ಬರು ಡ್ಯೂಟಿ ಬದಲಿಸಿಕೊಳ್ಳಲು ಒಪ್ಪಿದ್ದರು. ಟಿಕೆಟ್ ಮಾಡುವುದೊಂದೇ ಬಾಕಿ. ಇನ್ನೇನು ಆಯಿತು ಎನ್ನುವಾಗ ನಾನು ಏನಾದರೊಂದು ತಕರಾರು ತೆಗೆಯುತ್ತಿದ್ದೆ. ಬಕುರಿಯಾನಿ ಎಂದು ತೀರ್ಮಾನವಾದರೆ ಗುಡಾವುರಿಯನ್ನು ಮತ್ತೊಮ್ಮೆ ನೋಡು ಎನ್ನುತ್ತಿದ್ದೆ. ಕೋಣೆ ಗೊತ್ತಾದರೆ ಹೀಟರ್ ಹೇಗಿದೆ ಕೇಳು ಎನ್ನುತ್ತಿದ್ದೆ. ಇನ್ಶೂರೆನ್ಸಿನಲ್ಲಿ ಹಿಮದ ಆಟ ಸೇರುತ್ತದೋ ಇಲ್ಲವೋ ಎಂಬ ಪ್ರಶ್ನೆ ನಿಜವಾದದ್ದೇ, ನರ್ಸಾಗಿ ಅದನ್ನು ಕೇಳಲೇಬೇಕಿತ್ತು. ಉಳಿದವೆಲ್ಲ ಕುಂಟು ನೆಪ. ಟಿಕೆಟ್ ಆದ ದಿನ ಈ ಫೋನ್ ನಿಲ್ಲುತ್ತದೆ ಎಂದು ನನಗೆ ಗೊತ್ತಾಗಿಬಿಟ್ಟಿತ್ತು. ಹಿಮ ನೋಡದಿದ್ದರೆ ನನಗೇನೂ ನಷ್ಟವಿರಲಿಲ್ಲ. ಮಗಳ ದನಿ ಕೇಳದಿದ್ದರೆ ಆ ಮರಳುಗಾಡಿನ ಕೋಣೆಯಲ್ಲಿ ನಾನು ಹೇಗಿರುವುದು?

ಆಫ್‌ಗೆ ಮನೆಗೆ ಹೋದಾಗ ಬರ್ ದುಬೈಯ ಪೇಟೆಗೆ ಅವಳನ್ನು ಕರೆದುಕೊಂಡು ಹೋಗಿ ಒಳಗೆ ಹಾಕುವ ಬೆಚ್ಚನೆಯ ಬಟ್ಟೆ, ಉಣ್ಣೆಯ ಕಾಲುಚೀಲ ತಂದೆ. ಅಂಗಡಿಯವನ ಜೊತೆ ಚೌಕಾಸಿಗೆ ನಿಂತ ನನ್ನ ಪಕ್ಕದಲ್ಲಿ ಅವಳು ನಾಚಿಕೊಂಡು ನಿಂತಿದ್ದಳು. ಆದರೂ ಬರುವಾಗ ಮೆಟ್ರೋದಲ್ಲಿ ನನ್ನ ಭುಜಕ್ಕೆ ಒರಗಿಕೊಂಡೇ ವಿಡಿಯೋ ತೋರಿಸಿದಳು, ಮೊದಲ ದಿನ ಬೀಳುವಾಗ ಕೈ ಊರಬಾರದಂತೆ ಎಂದಳು. ಮಣಿಕಟ್ಟಿನ ಮೂಳೆ ಮುರಿಯುವುದೇ ಹಾಗೆ ಎಂದೆ. ನನಗೆ ಬರೀ ಕೆಟ್ಟದ್ದೇ ಹೊಳೆಯುವುದೆಂದು, ‘ಯು ಆರ್ ಸೋ ಡಾರ್ಕ್’ ಎಂದು ನಕ್ಕಳು. ಇಳಿಯುವ ಸ್ಟೇಷನ್ ಬಂದದ್ದಕ್ಕೆ ನನಗೆ ಸಿಟ್ಟೇ ಬಂತು.

ಆವತ್ತು ಸಂಜೆ ಅಡುಗೆಮನೆಯಲ್ಲಿ ನಾನು ಡಬ್ಬಗಳನ್ನು ಅವುಗಳ ಜಾಗಕ್ಕೆ ಸೇರಿಸುತ್ತಿದ್ದಾಗ ನಮ್ಮವರು ಬಂದು ಬಾಗಿಲಿಗೆ ಒರಗಿ ನಿಂತರು. ಹೆಚ್ಚು ಮಾತಾಡುವ ಜನವಲ್ಲ. ಟಿಕೆಟಿನ ರೇಟು ಏರುತ್ತಾ ಇದೆ ಎಂದರು. ನೋಡೋಣ, ಇಳಿಯಬಹುದು ಎಂದೆ.

‘ಇಳಿಯುದಿಲ್ಲ ಮಾರಾಯ್ತಿ. ನೀನು ಹೀಗೇ ಎಳೀತಾ ಕೂತ್ರೆ ಅವ್ಳೇ ಬೇಡ ಅಂತಾಳೆ. ಆಮೇಲೆ ನಿಮ್ಮಿಬ್ರಿಗೆ ಮಾತಾಡ್ಲಿಕ್ಕೆ ಎಂತ ಉಂಟು?’

ಅಕೌಂಟೆಂಟಿನ ಬುದ್ಧಿ, ಒಂದೇ ಸಾಲಿನಲ್ಲಿ ಮೊತ್ತ ತೆಗೆದಿಟ್ಟರು. ನಿಮಗೆ ಜೀರಿಗೆ ಎಲ್ಲಿಡಬೇಕು ಎಂದೇ ಗೊತ್ತಿಲ್ಲ, ನನಗೆ ಬುದ್ಧಿ ಹೇಳಲಿಕ್ಕೆ ಬರಬೇಡಿ ಎಂದು ಹಾರಿಬಿದ್ದೆ. ಅವರು ಹೋಗಿ ಟೀವಿ ಹಾಕಿದರು.

ಅವರು ಹೇಳಿದ್ದು ಹೇಳಿದ ಹಾಗೇ ಆಯಿತು. ನಾನು ವಾಪಸು ಬಂದ ಮೇಲೆ ಒಂದು ಮಧ್ಯಾಹ್ನ ಅವಳು ಫೋನ್ ಮಾಡಿ, ಸೀಟು ಕಡಿಮೆಯಾಗುತ್ತಿದೆ, ಇವತ್ತೇ ಮಾಡೋಣ ಎಂದಳು. ನಾನು ಅಭ್ಯಾಸಬಲದಿಂದ, ಆ ಹಳ್ಳಿಯಿಂದ ಲಿಫ್ಟಿಗೆ ಬಸ್ಸು ಇದೆಯಾ ಎಂದು ಇನ್ನೊಮ್ಮೆ ಕೇಳು ಎಂದೆ. ಮೊದಲೇ ಕೇಳಿ ಆಗಿತ್ತು. ಇದೆ ಎಂದು ಅವಳು ಹೇಳಿಯೂ ಆಗಿತ್ತು.

‘ಅಮ್ಮ, ಜಸ್ಟ್ ಸೇ ಯು ಡೋಂಟ್ ವಾಂಟ್ ಟು ಕಮ್. ಇಟ್ಸ್ ಫೈನ್. ಡ್ರಾಪ್ ಇಟ್.’

ಫೋನ್ ಇಟ್ಟಳು. ಮರುದಿನ ಅವಳ ಫೋನ್ ಬರಲಿಲ್ಲ, ಅದರ ಮರುದಿನವೂ ಇಲ್ಲ. ನಾನು ಮಾಡಿದರೆ ಎತ್ತಿ, ಓದುತ್ತಿದ್ದೇನೆ ಎಂದು ಇಟ್ಟಳು. ವಾರ್ಡಿನಲ್ಲಿ ಕೈಗೆ ಸಿಕ್ಕಿದವರ ಮೇಲೆಲ್ಲ ರೇಗಿದೆ. ಪ್ಲಾಸ್ಟರಿನೊಳಗೆ ಪೆನ್ನು ತೂರಿಸಿ ಕೆರೆದುಕೊಳ್ಳುತ್ತಿದ್ದ ಮುದುಕರೊಬ್ಬರಿಗೆ ಎಷ್ಟು ಬೈದೆನೆಂದರೆ, ಅವರು ‘ಖಲಾಸ್, ಖಲಾಸ್’, ಸಾಕು ಸಾಕು ಎಂದು ಎರಡೂ ಕೈ ಮೇಲೆತ್ತಿದರು. ಮಗಳು ತಪ್ಪು ತಿಳಿದುಕೊಂಡಿದ್ದಳು. ಅಮ್ಮನಿಗೆ ತನ್ನ ಜೊತೆ ಬರಲು ಮನಸ್ಸಿಲ್ಲ ಎಂದೇ ಅವಳ ಎಣಿಕೆ.

ಮಲಯಾಳಿ ಸಿಸ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಟಾಫ್ ರೂಮಿನಲ್ಲೇ ಮೊಬೈಲಿನಲ್ಲಿ ಟಿಕೆಟ್ ಮಾಡಿದೆ. ಮೂವರದು. ಹಳ್ಳಿಯ ಕೋಣೆಯನ್ನೂ ಮಾಡಿದೆ, ಅರ್ಧ ದಿನದ ಪಾಠಕ್ಕೆ ಮಗಳ ಹೆಸರಿನ ಜೊತೆ ನನ್ನ ಹೆಸರನ್ನೂ ಹಾಕಿದೆ. ನಿಮಗೂ ಜಾರಲಿಕ್ಕಾ ಎಂದು ಸಿಸ್ಟರ್ ಬಾಯಿ ಬಿಟ್ಟರು. ಎಲ್ಲವನ್ನೂ ಮಗಳಿಗೆ ಕಳಿಸಿದೆ. ಶಾಲೆ ಬಿಡುವ ಹೊತ್ತಿಗೆ ಅವಳಿಂದ ಒಂದು ರಾಶಿ ಹೃದಯದ ಚಿತ್ರಗಳು ಬಂದವು, ಆಮೇಲೆ ‘ಲವ್ ಯೂ ಅಮ್ಮ’ ಎಂದು ಬಂತು. ಕಣ್ಣು ಒರೆಸಿಕೊಂಡು ಡ್ಯೂಟಿಗೆ ಹೋದೆ.

ಅಲ್ಲಿಗೆ ಮುಗಿಯಿತು. ನಾನು ಹೆದರಿದ ಹಾಗೆಯೇ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ಅವಳು ಫೋನ್ ಮಾಡಲಿಲ್ಲ. ಬ್ರೇಕಿನಲ್ಲಿ ಮೊಬೈಲನ್ನು ಮೇಜಿನ ಮೇಲಿಟ್ಟು ನೋಡುವುದು, ತಿರುಗಿಸಿ ಇಡುವುದು, ಮತ್ತೆ ನೋಡುವುದು. ಪರೀಕ್ಷೆಗೆ ಓದುವ ಹುಡುಗಿಗೆ ತೊಂದರೆ ಕೊಡಬಾರದೆಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಆ ಬುದ್ಧಿ ನಾಲ್ಕೈದು ದಿನಕ್ಕೆ ಮುಗಿಯಿತು. ಒಂದು ಮಧ್ಯಾಹ್ನ ನಾನೇ ಮಾಡಿದೆ. ಉಣ್ಣೆಯ ಕಾಲುಚೀಲ ಎರಡು ಜೊತೆ ಸಾಕಾ, ಮೂರು ಬೇಕಾ ಎಂದು ಕೇಳಿದೆ.

‘ಅಮ್ಮ, ಎವ್ರಿಥಿಂಗ್ ಈಸ್ ಡನ್,’ ಎಂದಳು. ದನಿಯಲ್ಲಿ ಬೇಸರವಿತ್ತೋ ಏನೋ.

ಇನ್ನೊಂದು ನೆಪ ನಾಲಿಗೆಯ ಮೇಲೆ ತಯಾರಿತ್ತು. ಯಾಕೋ ಸಾಕೆನಿಸಿತು. ‘ಗೊತ್ತುಂಟು ಮಗಾ. ಎಂತದೂ ಕೇಳ್ಲಿಕ್ಕಿಲ್ಲ. ನಿನ್ನ ಸ್ವರ ಕೇಳುವ ಅಂತ ಮಾಡಿದೆ.’

ಆ ಕಡೆ ಮೈಕ್ರೋವೇವ್ ತೆರೆದು ಮುಚ್ಚಿದ್ದು, ತಟ್ಟೆಯನ್ನು ಮೇಜಿನ ಮೇಲಿಟ್ಟದ್ದು ಕೇಳಿಸಿತು. ನೀನು ಊಟ ಮಾಡು, ನಾನು ಇಡುತ್ತೇನೆ ಎಂದೆ.

‘ಇಡ್ಬೇಡ,’ ಎಂದಳು, ಕನ್ನಡದಲ್ಲಿ. ‘ಈ ಹೊತ್ತಿಗೆ ಮನೇಲಿ ಯಾರೂ ಇರುದಿಲ್ಲ. ದಿನಾ ಒಬ್ಳೇ ಊಟ ಮಾಡುದು ನಾನು.’

ಕೆಲಸ, ಬಾಡಿಗೆ, ಶಾಲೆ, ಎಲ್ಲವನ್ನೂ ಮೂವರು ಕೂತು ಯೋಚಿಸಿದ್ದೆವು. ಶಾಲೆಯಿಂದ ಬಂದ ಮಗು ಬೀಗ ತೆಗೆದು ಒಳಗೆ ಹೋಗಿ ಯಾರ ಎದುರು ಕೂತು ಉಣ್ಣುತ್ತದೆ ಎಂದು ನಾನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಏನು ಸಾರು ಎಂದು ಕೇಳಿದೆ. ನಿನ್ನೆಯ ತೊವ್ವೆ ಎಂದಳು. ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕೆ ಇಟ್ಟು, ನಾನೂ ನನ್ನ ಡಬ್ಬದ ಮುಚ್ಚಳ ತೆಗೆದೆ. ಹೆಚ್ಚು ಮಾತಾಡದೆ ಇಬ್ಬರೂ ಊಟ ಮಾಡಿದೆವು.