ಹವಾಲ್ದಾರ್ ಕಾಕಾನ ಗೈರು ಓಟು

ಹರಪನಹಳ್ಳಿ ಕೋರ್ಟಿನ ಹೊರಗಿನ ಕಟ್ಟೆಯ ಮೇಲೆ ಮೊನ್ನೆ ಕಕ್ಷಿದಾರನೊಬ್ಬನಿಗೆ ವಕಾಲತ್ತಿನಲ್ಲಿ ಎಲ್ಲಿ ಸಹಿ ಮಾಡಬೇಕೆಂದು ಎಡಗೈ ಬೆರಳಿಟ್ಟು ತೋರಿಸುತ್ತಿದ್ದೆ. ಆತ ಸಹಿಯ ಜಾಗ ಬಿಟ್ಟು ನನ್ನ ಉಗುರು ನೋಡಿದ. ಮತದಾನ ಮುಗಿದು ನಾಲ್ಕು ದಿನವಾಗಿದ್ದರೂ ಶಾಯಿಯ ಗೆರೆ ಹಾಗೇ ಇತ್ತು.

"ವಕೀಲ್ರ ಓಟು ಯಾರಿಗೆ ಬಿತ್ರಿ?" ಅಂದ.

"ಮೊದಲು ಸಹಿ ಮಾಡಪ್ಪ" ಅಂದೆ.

ಓಟು ಗುಟ್ಟಿನದು, ಹೇಳಬೇಕಾಗಿಲ್ಲ ಎಂಬ ಕಾನೂನು ನನಗೆ ಗೊತ್ತು. ಆದರೆ ನಾನು ಮಾತು ಮರೆಸಿದ್ದು ಕಾನೂನಿನ ಮೇಲಿನ ಭಕ್ತಿಯಿಂದಲ್ಲ. ಈ ಶಾಯಿ ನನ್ನ ಬೆರಳಿಗೆ ಮೊದಲ ಸಲ ಹತ್ತಿದ ದಿನ ನೆನಪಾಯಿತು. ಅವತ್ತು ನಾನು ಹಾಕಿದ ಓಟು ನನ್ನದಾಗಿರಲಿಲ್ಲ.

ಆಗ ನಾನು ಕೊಟ್ಟೂರಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ. ಓದಿನಲ್ಲಿ ಹೇಳಿಕೊಳ್ಳುವಂಥವನಲ್ಲ. ಚರ್ಚಾಸ್ಪರ್ಧೆಯಲ್ಲಿ ಮಾತ್ರ ಹಗರಿಬೊಮ್ಮನಹಳ್ಳಿಯಿಂದ ಹಡಗಲಿಯವರೆಗೆ ನನ್ನನ್ನು ಕಂಡರೆ ಎದುರಾಳಿಗಳು ನೀರು ಕುಡಿಯುತ್ತಾರೆ ಎಂದು ಬಲವಾಗಿ ನಂಬಿದ್ದೆ. ಅವರು ನೀರು ಕುಡಿಯುತ್ತಿದ್ದದ್ದು ಬಿಸಿಲಿಗೂ ಇರಬಹುದು. ನಿಮಗೆ ಆ ಸ್ಪರ್ಧೆಗಳ ರೀತಿ ಗೊತ್ತಿದ್ದೀತು: ವಿಷಯ ಮೊದಲೇ ಹೇಳಿರುತ್ತಾರೆ, ಪರವೋ ವಿರೋಧವೋ ಅನ್ನುವುದು ವೇದಿಕೆ ಹತ್ತುವ ಹತ್ತು ನಿಮಿಷ ಮುಂಚೆ ಚೀಟಿ ಎತ್ತಿದಾಗ ಗೊತ್ತಾಗುವುದು. ಆ ವರ್ಷ ಎಲ್ಲಿ ಹೋದರೂ 'ಪಕ್ಷಾಂತರ ಪ್ರಜಾಪ್ರಭುತ್ವಕ್ಕೆ ಮಾರಕ' ಎಂಬುದೇ ವಿಷಯ. ಕೂಡ್ಲಿಗಿಯಲ್ಲಿ ಮಾರಕವೆಂದು ವಾದಿಸಿ ಗೆದ್ದೆ. ಹದಿನೈದು ದಿನ ಬಿಟ್ಟು ಹಡಗಲಿಯಲ್ಲಿ ಮಾರಕವೇ ಅಲ್ಲ ಎಂದು ವಾದಿಸಿ ಗೆದ್ದೆ. ಎರಡೂ ಕಡೆ ಅಷ್ಟೇ ಸಿಟ್ಟಿನಿಂದ ಮೇಜು ಗುದ್ದಿದ್ದೆ. ಎರಡೂ ಪಾರಿತೋಷಕಗಳು ಮನೆಯ ಗೋಡೆಗೂಡಿನಲ್ಲಿ ಅಕ್ಕಪಕ್ಕ ಕೂತಿದ್ದವು, ತಮ್ಮೊಳಗೆ ಯಾವ ಜಗಳವೂ ಇಲ್ಲದೆ.

ಅದೇ ವರ್ಷ ಬಸವರಾಜ ಕಾಕಾ, ಅಂದರೆ ಅಪ್ಪನ ಒಬ್ಬನೇ ತಮ್ಮ, ಹದಿನೇಳು ವರ್ಷದ ಮಿಲ್ಟ್ರಿ ನೌಕರಿ ಮುಗಿಸಿ ಹವಾಲ್ದಾರನಾಗಿ ಊರಿಗೆ ಬಂದ. ನಮ್ಮೂರು ಕೊಟ್ಟೂರಿಗೆ ಎರಡು ಹರದಾರಿ. ಆತ ಬಂದ ವಾರದಲ್ಲೇ ಮನೆಯಲ್ಲಿ ಕೌದಿಗಳು ಅಂಚಿಗೆ ಅಂಚು ಕೂಡಿ ಮಡಚಿಕೊಂಡವು, ನೀರಿನ ಕೊಡಗಳು ಸಾಲು ಹಿಡಿದವು. ಎತ್ತಿಗೆ ಹಿಂದಿಯಲ್ಲಿ ಬೈಯುತ್ತಿದ್ದ. ಎತ್ತು ಆತನ ಮಾತು ಕೇಳುತ್ತಿತ್ತು. ನಮ್ಮಪ್ಪ ಕೇಳುತ್ತಿರಲಿಲ್ಲ.

ನಮ್ಮದು ಅಜ್ಜನ ಕಾಲದಿಂದ ಒಂದೇ ಪಕ್ಷದ ಮನೆ. ಪಕ್ಷದ ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಕಾಕಾನನ್ನು ಬಿಟ್ಟು ಆ ಪಕ್ಷದ ಬಗ್ಗೆ ಮಾತು ಶುರು ಮಾಡುತ್ತೀರಿ. ಅಪ್ಪನದು ಕಾಳುಕಡಿ ವ್ಯಾಪಾರ, ಚುನಾವಣೆಯ ದಿನ ಮಾತ್ರ ಅಂಗಡಿ ಮುಚ್ಚಿ ಪಕ್ಷದ ಏಜೆಂಟನಾಗಿ ಶಾಲೆಯೊಳಗಿನ ಮತಗಟ್ಟೆಯಲ್ಲಿ ಪಟ್ಟಿ ಹಿಡಿದು ಕೂಡುವುದು ಆತನ ಖಾಯಂ ಹಕ್ಕು. ಎದುರು ಪಕ್ಷದ ಏಜೆಂಟು ಟೇಲರ್ ಕೊಟ್ರೇಶಣ್ಣ. ಬಂದವರು ಇಂಥವರೇ ಹೌದೋ ಅಲ್ಲವೋ ಎಂದು ನೋಡುವುದು ಇಬ್ಬರ ಕೆಲಸ.

ಆದರೆ ಇಬ್ಬರ ನಡುವೆ ಒಂದು ಹಳೆಯ ಒಪ್ಪಂದವಿತ್ತು. ಊರು ಬಿಟ್ಟು ದುಡಿಯಲು ಹೋದವರು, ಮಿಲ್ಟ್ರಿಗೆ ಹೋದವರು ಪಟ್ಟಿಯಲ್ಲಿ ಇರುತ್ತಾರಲ್ಲ, ಅವರವು ಗೈರು ಓಟು. ಗೈರು ಓಟು ಆಯಾ ಮನೆಯ ಯಜಮಾನನದು. ಯಜಮಾನ ಯಾರ ಕೈಲಾದರೂ ಹಾಕಿಸಲಿ, ಇವರದನ್ನು ಅವರು ತಡೆಯಬಾರದು, ಅವರದನ್ನು ಇವರು ತಡೆಯಬಾರದು. ಹೀಗೆ ಹದಿನೇಳು ವರ್ಷ ಕಾಕಾನ ಹೆಸರಿನಲ್ಲಿ ಒಮ್ಮೆ ಭಾವ, ಒಮ್ಮೆ ಅಂಗಡಿಯ ಹಮಾಲ, ಯಾರ್ಯಾರೋ ಓಟು ಹಾಕಿದ್ದರು. ಕಾಕಾ ಬಂದ ಹೊಸತರಲ್ಲಿ ಅಪ್ಪ ಅದನ್ನು ಹೆಮ್ಮೆಯಿಂದ ಹೇಳಿದ್ದ: "ನೀ ಎಲ್ಲೇ ಇರು, ನಿನ್ನ ಓಟು ಒಂದ್ಸಲಾನೂ ತಪ್ಪಿಸಿಲ್ಲಪ್ಪ."

ಕಾಕಾ ಬಂದ ಎಂಟು ತಿಂಗಳಿಗೆ ಚುನಾವಣೆ ಬಂತು. ಒಂದು ಮಧ್ಯಾಹ್ನ ಕಾಕಾ ರೊಟ್ಟಿ ಮುರಿಯುತ್ತ, "ಅಣ್ಣ, ನಾ ಆ ಪಕ್ಷಕ್ಕ ಸೇರೀನಿ. ನಿನ್ನೆ ಕೊಟ್ಟೂರಾಗ ಮೆಂಬರ್ ರಸೀದಿ ಹರಿಸಿದೆ" ಅಂದ. ಆ ಪಕ್ಷವೆಂದರೆ ಕೊಟ್ರೇಶಣ್ಣನ ಪಕ್ಷ.

ಅಪ್ಪ ಅವ್ವನ ಕಡೆ ತಿರುಗಿ, "ಇವಂಗ ಇನ್ನೊಂದೀಟು ಪಲ್ಲೆ ಹಾಕು" ಅಂದ. ಕೈ ತೊಳೆಯುವಾಗ ನನಗೆ ಮಾತ್ರ ಕೇಳುವಂತೆ, "ಮಿಲ್ಟ್ರಿ ಗಾಳಿ. ಇಳೀತೈತಿ" ಅಂದ.

ಗಾಳಿ ಇಳಿಸುವ ಗುತ್ತಿಗೆಯನ್ನು ನಾನು ಹಿಡಿದೆ. ಪಾರಿತೋಷಕ ಗೆದ್ದವನಲ್ಲವೇ. ಮರುದಿನ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಬೂಟಿಗೆ ಪಾಲಿಶ್ ಹಾಕುತ್ತ ಕೂತಿದ್ದಾಗ ಎದುರು ಹೋಗಿ ಕೂತೆ.

"ಕಾಕಾ, ಖರೇ ಹೇಳು. ಜಿಲ್ಲಾ ಪಂಚಾಯ್ತಿ ಟಿಕೇಟಿನ ಆಸಿ ಐತೇನು?"

"ಹದಿನೇಳು ವರ್ಷ ರೈಲಿನ ಟಿಕೇಟೇ ಸರಿಯಾಗಿ ಸಿಕ್ಕಿಲ್ಲಲೇ ನನಗ."

"ಹಂಗಾರ ಮಾಜಿ ಸೈನಿಕರಿಗೆ ಕೊಡೋ ಜಮೀನು?"

"ಅರ್ಜಿನೇ ಹಾಕಿಲ್ಲ. ಮುಂದ?"

"ಮುಂದೇನು, ಸೈನಿಕ ಆದವಂಗ ನಿಷ್ಠಿ ಅನ್ನೋದು ಇರಬೇಕು. ನೀನೇ ಪಕ್ಷ ಬದಲಿಸಿದ್ರ ಉಳಿದವ್ರಿಗೆ ಏನಂತ ಹೇಳೋದು?"

ಕಾಕಾ ಬ್ರಷ್ ಕೆಳಗಿಟ್ಟ. "ನಾ ಶಪಥ ಮಾಡಿದ್ದು ದೇಶಕ್ಕ. ಈ ಪಕ್ಷಕ್ಕ ನಾನ್ಯಾವಾಗ ಶಪಥ ಮಾಡೀನಿ? ನಿಮ್ಮಜ್ಜ ಮಾಡ್ಯಾನ. ಹೊಲದ ಜತಿಗಿ ಪಕ್ಷಾನೂ ನನ್ನ ಪಾಲಿಗೆ ಬಂತೇನು?"

ಕಾಕಾನ ಪರವಾಗಿ ಹೇಳಬಹುದಾದ ಒಂದು ಮಾತು ನನಗೇ ಗೊತ್ತಿತ್ತು. ಆಗಷ್ಟೇ ಹರಪನಹಳ್ಳಿ ತಾಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆಗೆ ಸೇರಿತ್ತು. 'ಇಡೀ ತಾಲೂಕೇ ಜಿಲ್ಲೆ ಬದಲಿಸಿತಲ್ಲ ಸ್ವಾಮಿ, ಯಾರಾದರೂ ಅದನ್ನು ದ್ರೋಹ ಅಂದರಾ?' ಎಂದು ಹಡಗಲಿಯ ವೇದಿಕೆಯಲ್ಲಿ ಕೇಳಿ ಚಪ್ಪಾಳೆ ಹೊಡೆಸಿಕೊಂಡವನು ನಾನೇ. ಕಟ್ಟೆಯ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. ಅವತ್ತು ನಾನು ಎತ್ತಿದ್ದ ಚೀಟಿ ಬೇರೆ.

"ಹೋಗ್ಲಿ, ಆ ಪಕ್ಷದಾಗ ಏನು ಕಂಡಿ?" ಅಂದೆ.

"ದೊಡ್ಡದೇನೂ ಇಲ್ಲ. ಅವ್ರು ಮನಿಗೆ ಬಂದು ಓಟು ಕೇಳಿದ್ರು. ಹೋದ ವಾರ ಇಲ್ಲೇ ಕುಂತಿದ್ರು, ನೀನೇ ನೋಡೀದಿ. ನಮ್ಮ ಪಕ್ಷದವ್ರು ಓಣಿ ತುಂಬ ಅಡ್ಡಾಡಿ ನಮ್ಮ ಬಾಗ್ಲಿಗೆ ಬಂದ್ಕೂಡ್ಲೆ ಕೈ ಮುಗಿದು ಮುಂದ ಹೋದ್ರು. 'ಇದು ನಮ್ಮ ಮನಿನೇ ಬಿಡ್ರಿ, ಕೇಳೋದೇನೈತಿ' ಅಂತ."

"ಆ ಪಕ್ಷದವ್ರು ಎಲ್ಲಾರ್ನೂ ಕೇಳ್ತಾರ ಕಾಕಾ. ಅದು ಅವರ ದಂಧಿ."

"ಅದನ್ನೇ ನಾ ಹೇಳಾಕತ್ತೀನಿ. ಎಲ್ಲಾರ್ನೂ ಕೇಳ್ತಾರ. ನಾನೂ ಎಲ್ಲಾರೊಳಗ ಒಬ್ಬ ಆಗಿ ಒಮ್ಮಿ ಹಾಕಿ ನೋಡ್ತೀನಿ. ನಲವತ್ತು ಆಗಾಕ ಬಂತು, ಇನ್ನಾ ನನ್ನ ಕೈಲೆ ಒಂದು ಓಟು ಹಾಕಿಲ್ಲ."

ಇಷ್ಟು ಚಿಕ್ಕ ಕಾರಣಕ್ಕೆ ಯಾರೂ ಪಕ್ಷ ಬಿಡುವುದಿಲ್ಲ, ಇದರ ಹಿಂದೆ ಏನೋ ಇದೆ ಎಂದು ನಾನು ತೀರ್ಮಾನಿಸಿದೆ. ಸಂಶಯಪಡುವವನಿಗೆ ಒಂದು ತೊಂದರೆಯುಂಟು, ಎದುರಿಗಿರುವ ಕಾರಣ ಆತನಿಗೆ ಯಾವತ್ತೂ ಸಾಲುವುದಿಲ್ಲ.

ಮತದಾನದ ಹಿಂದಿನ ಸಂಜೆ ಅಪ್ಪ ರೂಢಿಯಂತೆ ಪಡಸಾಲೆಯಲ್ಲಿ ಕೂತು ಮನೆಯವರಿಗೆಲ್ಲ ಕ್ರಮಸಂಖ್ಯೆಯ ಚೀಟಿ ಹಂಚಿದ. ನನಗೆ ವಯಸ್ಸಾಗಿದ್ದರೂ ಹೆಸರು ಪಟ್ಟಿಯಲ್ಲಿ ಇನ್ನೂ ಬಂದಿರಲಿಲ್ಲ. ನನ್ನ ಕೈಗೆ ಕಾಕಾನ ಚೀಟಿ ಇಟ್ಟ. "ಮುಂಜಾನೆ ಬಾಗಲಾ ತೆಗೀತಿದ್ದಂಗ ಬಂದು ಇದನ್ನ ಹಾಕಿ ಹೋಗು."

"ಕಾಕಾ ಊರಾಗ ಅದಾನಲ್ಲಪ್ಪ?"

"ಆ ಓಟು ಈ ಮನಿದು."

ನಾನು ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಕಟ್ಟೆಯ ಮೇಲೆ ಸೋತ ವಾದವನ್ನು ಮತಪೆಟ್ಟಿಗೆಯಲ್ಲಿ ಗೆಲ್ಲಬಹುದು ಅನ್ನಿಸಿತ್ತು. ಬೆಳಿಗ್ಗೆ ಮೊದಲ ಹತ್ತು ಜನರಲ್ಲಿ ನಾನಿದ್ದೆ. ಅಧಿಕಾರಿ ಕಾಕಾನ ಹೆಸರು ಕೂಗಿದರು. ಅಪ್ಪ ತಲೆ ಎತ್ತದೆ ಪಟ್ಟಿಯಲ್ಲಿ ಗೀಟು ಹಾಕಿದ. ಈಗ ಕೊಟ್ರೇಶಣ್ಣನ ವಿಷಯ ಕೇಳಿ. ಕಾಕಾ ಆತನ ಪಕ್ಷಕ್ಕೇ ಸೇರಿದ್ದಾನೆ, ಹಿಂದಿನ ದಿನ ಇಬ್ಬರೂ ಒಂದೇ ಜೀಪಿನಲ್ಲಿ ಓಡಾಡಿದ್ದಾರೆ. ಆದರೂ ಆ ಕ್ರಮಸಂಖ್ಯೆ ಬಂದೊಡನೆ ಹದಿನೇಳು ವರ್ಷದ ರೂಢಿಯಂತೆ ಕೊಟ್ರೇಶಣ್ಣನ ಪೆನ್ನೂ ಗೀಟು ಎಳೆಯಿತು. ತನ್ನ ಪಕ್ಷಕ್ಕೆ ಬೀಳಬೇಕಾದ ಓಟನ್ನು ತಾನೇ ಕೈಯಾರೆ ಬಿಟ್ಟುಕೊಟ್ಟ. ನಾನು ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಸೀಲು ಒತ್ತಿ, ಮತಪತ್ರ ಮಡಚಿ ಪೆಟ್ಟಿಗೆಗೆ ಹಾಕಿ ಬಂದೆ.

ಒಂಬತ್ತರ ಸುಮಾರಿಗೆ ಕಾಕಾ ಬಂದ. ಇಸ್ತ್ರಿ ಅಂಗಿ, ಹೊಳೆಯುವ ಬೂಟು. ಚೀಟಿ ಸಿಕ್ಕದಿದ್ದರೂ ಆತನಿಗೆ ತನ್ನ ಕ್ರಮಸಂಖ್ಯೆ ಬಾಯಿಪಾಠವಿತ್ತು. ನಾನು ಆಗ ಶಾಲೆಯ ಜಗಲಿಯಲ್ಲಿ, ಕಿಟಕಿಯ ಪಕ್ಕ ನಿಂತಿದ್ದೆ.

"ನಿಮ್ಮದು ಆಗೇತಲ್ರಿ" ಅಂದರು ಪಟ್ಟಿ ಹಿಡಿದ ಅಧಿಕಾರಿ.

ಕೊಟ್ರೇಶಣ್ಣ ತನ್ನ ಪಟ್ಟಿ ನೋಡಿಕೊಂಡು ಹಣೆ ಹಿಡಿದುಕೊಂಡ.

ಕಾಕಾ ದನಿ ಎತ್ತರಿಸಲಿಲ್ಲ. "ನಾ ಈಗ ಬಂದೀನ್ರಿ. ಬಸವರಾಜ ಅಂದ್ರ ನಾನೇ."

ಮತಗಟ್ಟೆಯ ಮುಖ್ಯಾಧಿಕಾರಿ ಹೊರಗಿನ ಊರಿನ ಹಿರಿಯ ಮೇಷ್ಟರು, ನಿಧಾನದ ಮನುಷ್ಯ. ಏಜೆಂಟರ ಕಡೆ ತಿರುಗಿದರು. ನೇರ ಅಪ್ಪನನ್ನೇ ಕೇಳಿದರು: "ಯಜಮಾನ್ರೇ, ಇವ್ರನ್ನ ಗುರುತಿಸ್ತೀರೇನ್ರಿ?"

ಅಪ್ಪ ಹೌದೆಂದರೆ ಬೆಳಿಗ್ಗೆ ಬಂದವನು ಸುಳ್ಳು, ಅದಕ್ಕೆ ಗೀಟು ಹಾಕಿದ ಅಪ್ಪನೂ ಸುಳ್ಳು. ಅಲ್ಲವೆಂದರೆ ಒಡಹುಟ್ಟಿದವನೇ ಅಲ್ಲ ಎಂದಂತೆ. ನಾನು ಅಲ್ಲಿಯವರೆಗೆ ಕಂಡ ಯಾವ ಸ್ಪರ್ಧೆಯಲ್ಲೂ ಇಂಥ ಪ್ರಶ್ನೆ ಇರಲಿಲ್ಲ. ಅಪ್ಪ ಪೆನ್ನಿನ ಮುಚ್ಚಳ ಹಾಕಿ ಪಟ್ಟಿಯ ಮೇಲಿಟ್ಟ.

"ನನ್ನ ತಮ್ಮ ರೀ" ಅಂದ.

"ಹಂಗಾರ ಮುಂಜಾನೆ ಬಂದಾಂವ ಯಾರ್ರಿ?"

ಎರಡು ಪಾರಿತೋಷಕ ಗೆದ್ದ ನಾನು ಕಿಟಕಿಯಿಂದ ಎರಡು ಮೊಳ ದೂರದಲ್ಲಿದ್ದೆ. ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಕಾಕಾ ಅದನ್ನು ನೋಡಿದ. ನೋಡಿ, ಮೇಷ್ಟರ ಕಡೆ ತಿರುಗಿದ.

"ಯಾರೋ ಹಾಕ್ಯಾರ ಅಂತ ಬರಕೋರಿ. ನಂದು ನನಗ ಕೊಡ್ರಿ."

ಒಬ್ಬರ ಓಟನ್ನು ಇನ್ನೊಬ್ಬರು ಹಾಕಿಹೋದರೆ ನಿಜವಾದವನಿಗೆ ಬೇರೆ ಮತಪತ್ರ ಕೊಡುವ ನಿಯಮವಿದೆ. ಅದನ್ನು ಪೆಟ್ಟಿಗೆಗೆ ಹಾಕುವುದಿಲ್ಲ, ಲಕೋಟೆಯಲ್ಲಿ ಇಡುತ್ತಾರೆ. "ಇದು ಎಣಿಕಿಗೆ ಬರಂಗಿಲ್ಲ ನೋಡ್ರಿ" ಎಂದು ಮೇಷ್ಟರು ಮುಂಚೆಯೇ ಹೇಳಿದರು. ಕಾಕಾ ತಲೆಯಾಡಿಸಿ, ಸಹಿ ಮಾಡಿ, ಶಾಯಿ ಹಚ್ಚಿಸಿಕೊಂಡು ಮರೆಗೆ ಹೋದ. ಸುಮಾರು ಹೊತ್ತು ಹೊರಗೆ ಬರಲಿಲ್ಲ.

ಮಧ್ಯಾಹ್ನ ಕಟ್ಟೆಯ ಮೇಲೆ ಸಿಕ್ಕ. ಕ್ಷಮಿಸು ಅನ್ನಬೇಕೆಂದೇ ಹೋಗಿದ್ದೆ. ಬಾಯಿ ತೆರೆದರೆ ವಾದ ಬಂತು.

"ಎಣಿಸದ ಓಟು ಹಾಕಿ ಏನು ಬಂತು ಕಾಕಾ?"

"ನೀ ಯಾರಿಗೆ ಒತ್ತಿದಿ?"

"ನಮ್ಮ ಪಕ್ಷಕ್ಕ."

"ನಿನ್ನ ಮನಸ್ಸಿಗೆ ಬಂದು ಒತ್ತಿದ್ಯೋ, ನಿಮ್ಮಪ್ಪ ಹೇಳ್ಯಾನಂತ ಒತ್ತಿದ್ಯೋ?"

ನಾನು ಶಾಯಿ ಹತ್ತಿದ ಉಗುರನ್ನು ಅಂಗಿಗೆ ಉಜ್ಜಿದೆ.

"ಹಂಗಾರ ನಿಂದೂ ಎಣಿಸಬ್ಯಾಡ ಬಿಡು" ಎಂದು ಎದ್ದು ಹೋದ.

ಅಪ್ಪ ಆರು ತಿಂಗಳು ತಮ್ಮನ ಜೊತೆ ಮಾತು ಬಿಟ್ಟ. ಕಾಕಾ ಅದೇ ಓಣಿಯಲ್ಲಿ ಬೇರೆ ಮನೆ ಮಾಡಿದ. ಮುಂದಿನ ಚುನಾವಣೆ ಬಂದಾಗ ಅಪ್ಪ ಒಂದು ಬೆಳಿಗ್ಗೆ ಮಡಿಕೆ ಮುರಿಯದ ಪಂಚೆ ಉಟ್ಟು, ಹೆಗಲ ಮೇಲೆ ಪಕ್ಷದ ಶಾಲು ಹಾಕಿಕೊಂಡು, ಹತ್ತು ಹೆಜ್ಜೆ ದೂರದ ಆ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಕೈ ಮುಗಿದ. "ತಮ್ಮಾ, ನಿನ್ನ ಓಟು ನಮ್ಮ ಪಕ್ಷಕ್ಕ ಹಾಕು" ಅಂದ. ನಾನು ಹಿಂದೆಯೇ ಇದ್ದೆ. ಇದೇನು ನಾಟಕ ಎಂದುಕೊಂಡೆ. ಕಾಕಾ, "ಒಳಗ ಬಾ ಅಣ್ಣ. ವಿಚಾರ ಮಾಡ್ತೀನಿ" ಅಂದ. ಅಲ್ಲಿಂದ ಪ್ರತಿ ಚುನಾವಣೆಗೂ ಅಪ್ಪ ಹೋಗುತ್ತಾನೆ. ನಮ್ಮ ಮನೆಯಲ್ಲಿ ಚೀಟಿ ಹಂಚುವಾಗಲೂ ಈಗ ಬರೀ ಚೀಟಿ ಕೊಡುವುದಿಲ್ಲ. ಅವ್ವನ ಓಟನ್ನೂ ಕೇಳುತ್ತಾನೆ. ಅವ್ವ, "ಈಗ ಕೆಲಸ ಐತಿ, ಆಮ್ಯಾಲ ಬರ್ರಿ" ಅನ್ನುತ್ತಾಳೆ.

ಈ ಸಲ ಒಂದು ವಿಚಿತ್ರ ನಡೆಯಿತು. ಕಾಕಾ ಸೇರಿದ ಪಕ್ಷದವರು ಓಣಿಯಲ್ಲೆಲ್ಲ ತಿರುಗಿ ಆತನ ಬಾಗಿಲಿಗೆ ಬಂದಾಗ, "ಹವಾಲ್ದಾರ್ರು ನಮ್ಮವ್ರೇ ಬಿಡ್ರಿ" ಎಂದು ಕೈ ಮುಗಿದು ಮುಂದೆ ಹೋದರಂತೆ. ಬಂದು ಕೇಳಿದವನು ಅಪ್ಪನೊಬ್ಬನೇ. ಈ ಸುದ್ದಿ ಕೇಳಿದಾಗ ನನ್ನೊಳಗಿನ ಚರ್ಚಾಪಟು ಕುಣಿದಾಡಿದ. ಕಾಕಾನ ತರ್ಕದ ಪ್ರಕಾರವೇ ಕಾಕಾ ಈಗ ನಮ್ಮ ಕಡೆ ಬರಬೇಕಲ್ಲ! ಮೊನ್ನೆ ಕೋರ್ಟಿನ ಕಟ್ಟೆಯ ಮೇಲೆ ಆ ಕಕ್ಷಿದಾರನ ಸಹಿ ಮುಗಿಸಿ, ಅವತ್ತೇ ಸಂಜೆಯ ಬಸ್ಸಿಗೆ ಊರಿಗೆ ಹೋದೆ. ಅಪ್ಪ ಅಂಗಡಿಯಲ್ಲಿ ತೊಗರಿ ಆರಿಸುತ್ತ ಕೂತಿದ್ದ.

"ಕಾಕಾ ಈ ಸಲ ನಮಗ ಹಾಕಿರಬೇಕಲ್ಲಪ್ಪ?" ಅಂದೆ.

"ಯಾರಿಗ್ಗೊತ್ತು."

"ಕೇಳ್ಲಿಲ್ಲೇನು ನೀನು?"

"ಹಾಕು ಅಂತ ಕೇಳೀನಿ. ಹಾಕಿದ್ಯಾ ಅಂತ ಯಾಕ ಕೇಳ್ಲಿ? ಚಾ ಕೊಟ್ಟ, ಕುಂದ್ರಿಸ್ಕೊಂಡ, ಎರಡು ತಾಸು ಮಾತಾಡಿದ."

ನನ್ನ ನಾಲಗೆಯ ತುದಿಯಲ್ಲಿ ಇನ್ನೂ ಮೂರು ಪ್ರಶ್ನೆಗಳಿದ್ದವು, ಮೂರೂ ಒಳ್ಳೆಯ ಪ್ರಶ್ನೆಗಳು. ಕೇಳಲಿಲ್ಲ. ಅಪ್ಪನ ಪಕ್ಕ ಕೂತು ತೊಗರಿಯೊಳಗಿನ ಹರಳು ಆರಿಸತೊಡಗಿದೆ.