ಬಾಗಿಯ ಹವಾಮಾನ ಖಾತೆ

ಕಳವಾ ಎಂಬ ಊರಿನ ನಮ್ಮ ಸಾಲುಮನೆಗಳ ಚಾಳಿನಲ್ಲಿ ಬಾಗಿಗೆ ‘ಹವಾಮಾನ ಖಾತೆ’ ಎಂದು ಹೆಸರಿಟ್ಟವಳು ನಾನೇ. ಅವಳ ಗಂಡ ದೇಜಪ್ಪ ಅರಬ್ಬಿ ಸಮುದ್ರದ ನಡುವೆ, ಎಣ್ಣೆಬಾವಿಯ ಕೆಲಸಗಾರರು ತಂಗುವ ಬಾರ್ಜಿನಲ್ಲಿ ಅಡುಗೆಯವನು. ಎಂಜಿನ್ ಇಲ್ಲದ ದೊಡ್ಡ ದೋಣಿ ಅದು, ಲಂಗರು ಹಾಕಿದಲ್ಲೇ ಬಿದ್ದಿರಬೇಕು. ಹಾಗಾಗಿ ಮೇ ತಿಂಗಳು ಬಂತೆಂದರೆ ಬಾಗಿ ಮೊಬೈಲಿನಲ್ಲಿ ಮೋಡದ ಚಿತ್ರ ನೋಡುತ್ತಾ ಕೂರುವಳು. ಅನ್ನ ಸೀದರೂ ಗೊತ್ತಾಗದು.

ಹೋದ ವರ್ಷ ಹೀಗೆ ನೋಡಿಯೇ, ತೂಫಾನು ಬರುತ್ತದೆಂದು ಅತ್ತು ಕರೆದು ಅವನನ್ನು ದಡಕ್ಕೆ ಕರೆಸಿಕೊಂಡಳು. ತೂಫಾನು ಒಮಾನ್ ಕಡೆ ಹೋಯಿತು. ಕಾಂಟ್ರಾಕ್ಟರ್ ದೇಜಪ್ಪನನ್ನು ನಾಲ್ಕು ತಿಂಗಳು ಮನೆಯಲ್ಲಿ ಕೂರಿಸಿದ. ನಮಗೋ ನಗಲು ಒಂದು ನೆಪ ಸಿಕ್ಕಿತು.

“ಬಾಗಿ, ಹಪ್ಪಳ ಒಣಗಿಸ್ಲಾ? ನಿನ್ನ ಖಾತೆ ಏನು ಹೇಳ್ತದೆ?” ಎಂದು ನಲ್ಲಿಯ ಲೈನಿನಲ್ಲಿ ದಿನಾ ಕಾಡಿದೆವು. ಅವಳು ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ಈ ಮೇಯಲ್ಲಿ ಲಕ್ಷದ್ವೀಪದ ಹತ್ತಿರ ಮತ್ತೆ ಮೋಡ ಕೂಡಿತು. ತೂಫಾನಾಗುವ ಸಾಧ್ಯತೆ ನೂರಕ್ಕೆ ಮೂವತ್ತು ಎಂದು ಮೊಬೈಲು ಹೇಳಿತು. ಅವತ್ತು ಬೆಳಿಗ್ಗೆ ನಾನು ಅವಳ ಖೋಲಿಯಲ್ಲಿ ಚಹಾ ಕುಡಿಯುತ್ತಿದ್ದಾಗಲೇ ದೇಜಪ್ಪನ ಫೋನು ಬಂತು.

“ದಡಕ್ಕೆ ಬೋಟು ಹೊರಟಿದೆ ಮಾರಾಯ್ತಿ, ಒಂದು ಜಾಗ ಉಂಟು. ಬರ್ಲಾ?”

ಬಾಗಿ ನನ್ನ ಮುಖ ನೋಡಿದಳು. ನಾನು ನಕ್ಕುಬಿಟ್ಟೆ. ಹಾಳಾದ ನಗು, ಯಾಕೆ ಬಂತೋ.

“ಬೇಡ, ಏನಿಲ್ಲ. ಬರೀ ಮೋಡ,” ಎಂದಳು.

ಆ ಜಾಗದಲ್ಲಿ ಮುರಾರಿ ಎಂಬವನು ದಡಕ್ಕೆ ಬಂದ.

ಮರುದಿನ ಸಂಜೆಗೆ ಮೂವತ್ತು ಹೋಗಿ ತೊಂಬತ್ತಾಗಿತ್ತು. ಬೋಟುಗಳು ನಿಂತವು, ಹೆಲಿಕಾಪ್ಟರೂ ನಿಂತಿತು. ಹತ್ತಡಿಯ ಖೋಲಿಯಲ್ಲಿ ಬಾಗಿ ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ ನಡೆದಳು.

“ನಾನೇ ಬೇಡ ಅಂದದ್ದಲ್ವಾ, ಜಯಶೀಲಕ್ಕ?”

ಅವಳ ಬಾಯಿ ಕಟ್ಟಿದವಳು ನಾನು. ನಾಚಿಕೆಯಾಯಿತು, ಆದರೆ ಅವಳನ್ನು ಬಿಟ್ಟು ಎದ್ದುಹೋಗುವುದಾದರೂ ಹೇಗೆ?

ಅಷ್ಟರಲ್ಲಿ ಫೋನು. ಗಾಳಿಯ ಸದ್ದಿನ ನಡುವೆ ದೇಜಪ್ಪ ಕೂಗುತ್ತಿದ್ದ.

“ಇಲ್ಲಿ ಯಾರೂ ಸರಿ ಹೇಳುದಿಲ್ಲ. ಎಲ್ಲರಿಗೂ ಹೆದರಿಕೆ ಆಗಿದೆ. ಇನ್ನು ಎಲ್ಲಿಗೂ ಹೋಗ್ಲಿಕ್ಕೂ ಆಗುದಿಲ್ಲ. ನೀನು ನೋಡಿ ಹೇಳು ಬಾಗಿ, ಎತ್ತ ಹೋಗ್ತದೆ ಅದು?”

ಅವಳು ಬೆರಳಿನಿಂದ ಮೊಬೈಲಿನ ನಕ್ಷೆ ಸರಿಸಿದಳು. ತೂಫಾನಿನ ದಾರಿಯ ಕೆಂಪು ಗೆರೆ ನೇರ ಬಾರ್ಜಿನ ಮೇಲೆಯೇ ಹಾದಿತ್ತು. ನಾನೂ ನೋಡಿದೆ.

“ಒಮಾನ್ ಕಡೆ,” ಎಂದಳು ಬಾಗಿ. “ಹೋದ ವರ್ಷದ ಹಾಗೇ. ನೀವು ಊಟ ಮಾಡಿ.”

“ಹಾಗಾದ್ರೆ ಸರಿ,” ಎಂದ ದೇಜಪ್ಪ. ದನಿ ಹಗುರವಾಗಿತ್ತು. “ಎಲ್ಲರಿಗೂ ಹೇಳ್ತೇನೆ, ನನ್ನ ಹೆಂಡತಿ ನೋಡಿದ್ದಾಳೆ ಅಂತ.”